ತಿದ್ದಿದ ಹಾಳೆ ಮರಳಲಿ

ಮಗೂ,

ಮುಂದಿನ ತಿಂಗಳಿಂದ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತೇನೆ ಎಂದು ನೀನು ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ನೆಲೆಸಿದವರದು ಒಂದು ಗುಂಪು, ಹೊರದೇಶಗಳಲ್ಲಿ ಬೆಳೆಯುತ್ತಿರುವ ನಮ್ಮವರ ಮಕ್ಕಳದು ಇನ್ನೊಂದು. ಎರಡೂ ಆಗಬೇಕಾದ ಕೆಲಸಗಳೇ. ಮಾತಿನ ನಡುವೆ ಒಂದು ಪ್ರಶ್ನೆ ಕೇಳಿದೆ: "ದೊಡ್ಡಮ್ಮ, ನೀವು ಅಂಚೆಯಲ್ಲಿ ಕನ್ನಡ ಕಲಿಸಿದವರು. ಅದು ಚೆನ್ನಾಗಿತ್ತೋ, ಈಗಿನ ಆನ್‌ಲೈನ್ ಚೆನ್ನಾಗಿದೆಯೋ?" ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ಪ್ರಶ್ನೆಯಲ್ಲ ಅದು. ಹಾಗಾಗಿ ಕೂತು ಬರೆಯುತ್ತಿದ್ದೇನೆ. ನಿನ್ನಂತೆಯೇ ಭಾಷೆ ಕಲಿಸಲು ಹೊರಟ ಬೇರೆ ಮಕ್ಕಳೂ ಓದಿದರೆ ಒಳ್ಳೆಯದೇ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಠ ಅಂಚೆಯಲ್ಲಿ ಹೋಗುತ್ತದೋ ತಂತಿಯಲ್ಲಿ ಹೋಗುತ್ತದೋ ಎನ್ನುವುದಕ್ಕೆ ತಲೆಕೆಡಿಸಿಕೊಳ್ಳಬೇಡ. ಕಲಿಯುವವರು ತಾವಾಗಿ ಕಟ್ಟಿದ ವಾಕ್ಯವನ್ನು ಯಾರು ಓದುತ್ತಾರೆ? ಯಾರು ತಿದ್ದುತ್ತಾರೆ? ತಿದ್ದಿದ್ದು ಅವರ ಕೈಗೆ ಮರಳಿ ಸೇರುತ್ತದೆಯೇ? ಈ ಮೂರಕ್ಕೂ ಉತ್ತರ ಇಟ್ಟುಕೊಂಡು ತರಗತಿ ಶುರುಮಾಡು. ಉತ್ತರ ಇಲ್ಲದಿದ್ದರೆ ಎಷ್ಟು ಚಂದದ ವಿಡಿಯೊ ಮಾಡಿದರೂ ನೀನು ಕನ್ನಡವನ್ನು ತೋರಿಸಿದಂತಾಗುತ್ತದೆಯೇ ಹೊರತು ಕಲಿಸಿದಂತಾಗುವುದಿಲ್ಲ.

ದೂರದಲ್ಲಿದ್ದವರಿಗೆ ಕಲಿಸುವ ವಿದ್ಯೆ ನಿನ್ನ ಕಾಲದ್ದಲ್ಲ, ನನ್ನ ಕಾಲದ್ದೂ ಅಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ, ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿಯ ದರದಲ್ಲಿ ಕಾಗದ ಹೋಗುವ ವ್ಯವಸ್ಥೆ ಬಂತು. ಶೀಘ್ರಲಿಪಿಯ ಐಸಾಕ್ ಪಿಟ್ಮನ್ ಅದೇ ವರ್ಷ ಅಂಚೆಯಲ್ಲಿ ಪಾಠ ಶುರುಮಾಡಿದರು. ಕಲಿಯುವವರು ಬೈಬಲ್ಲಿನ ಭಾಗವನ್ನು ಶೀಘ್ರಲಿಪಿಯಲ್ಲಿ ಬರೆದು ಕಳಿಸಬೇಕು, ಅದು ತಿದ್ದುಪಡಿಯಾಗಿ ಅವರಿಗೇ ಮರಳಬೇಕು. ಅವರಿಗಿಂತ ನೂರು ವರ್ಷಕ್ಕೂ ಹಿಂದೆ, 1728ರಲ್ಲೇ, ಅಮೆರಿಕದ ಬಾಸ್ಟನ್ನಿನಲ್ಲಿ ಕೇಲೆಬ್ ಫಿಲಿಪ್ಸ್ ಎಂಬ ಶಿಕ್ಷಕರು ಪಾಠಗಳನ್ನು ಅಂಚೆಯಲ್ಲಿ ಕಳಿಸುತ್ತೇನೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ಆದರೂ ದೂರಶಿಕ್ಷಣದ ಚರಿತ್ರೆ ಬರೆಯುವವರಲ್ಲಿ ಅನೇಕರು ಪಿಟ್ಮನ್ನರಿಂದಲೇ ಶುರುಮಾಡುತ್ತಾರೆ. ಪಾಠ ಕಳಿಸುವುದರ ಜೊತೆಗೆ ತಿದ್ದಿ ಮರಳಿಸುವುದೂ ಅವರಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎನ್ನುವುದೇ ಕಾರಣ.

ಅದರ ನಂತರ ಭಾಷೆಯೇ ಅಂಚೆ ಹತ್ತಿತು. ಬರ್ಲಿನ್ನಿನಲ್ಲಿ ಶಾರ್ಲ್ ಟೂಸೇಂ ಎಂಬ ಫ್ರೆಂಚ್ ಮೇಷ್ಟ್ರು ಮತ್ತು ಅವರ ಶಿಷ್ಯ ಗುಸ್ಟಾವ್ ಲಾಂಗೆನ್‌ಶೈಟ್ ಸೇರಿ ಜರ್ಮನರಿಗೆ ಫ್ರೆಂಚ್ ಕಲಿಸುವ ಪತ್ರಪಾಠಗಳನ್ನು ಸಿದ್ಧಪಡಿಸಿದರು. ಅಚ್ಚು ಹಾಕಲು ಯಾವ ಪ್ರಕಾಶಕರೂ ಒಪ್ಪಲಿಲ್ಲ. ಶಿಷ್ಯ 1856ರಲ್ಲಿ ತಾನೇ ಪ್ರಕಾಶನ ತೆರೆದ. ಮುಂದೆ ಪ್ರಪಂಚದಾದ್ಯಂತ ನಿಘಂಟುಗಳಿಗೆ ಹೆಸರಾದ ಲಾಂಗೆನ್‌ಶೈಟ್ ಸಂಸ್ಥೆ ಹುಟ್ಟಿದ್ದು ಹೀಗೆ, ಅಂಚೆಯಲ್ಲಿ ಭಾಷೆ ಕಲಿಸಬೇಕೆಂಬ ಹಟದಿಂದ. ಆ ಪಾಠಗಳಲ್ಲಿ ಪದದ ಜೊತೆಗೆ ಉಚ್ಚಾರಣೆಯನ್ನೂ ಚಿಹ್ನೆಗಳಲ್ಲಿ ಗುರುತಿಸಿದ್ದರು. ಕಾಗದ ಮಾತಾಡುವುದಿಲ್ಲ ಎಂಬ ಕೊರತೆ ಅವರಿಗೆ ಆಗಲೇ ತಿಳಿದಿತ್ತು.

ಅಮೆರಿಕದಲ್ಲಿ ಶಿಕಾಗೋ ಹತ್ತಿರದ ಮಾರ್ಗನ್ ಪಾರ್ಕಿನಲ್ಲಿ ವಿಲಿಯಂ ರೈನಿ ಹಾರ್ಪರ್ 1881ರ ಸುಮಾರಿಗೆ ಹೀಬ್ರೂ ಭಾಷೆಯನ್ನು ಅಂಚೆಯಲ್ಲಿ ಕಲಿಸಲು ತೊಡಗಿದರು. ಊರೂರುಗಳಲ್ಲಿ ಚದುರಿಹೋಗಿದ್ದ ಪಾದ್ರಿಗಳಿಗೆ ಹಳೆಯ ಒಡಂಬಡಿಕೆಯನ್ನು ಮೂಲದಲ್ಲೇ ಓದುವ ಆಸೆ, ಊರು ಬಿಟ್ಟು ಬಂದು ಕಲಿಯಲು ಬಿಡುವಿಲ್ಲ. ಹಾರ್ಪರ್ ಅವರ ಕ್ರಮ ನೀನು ತಿಳಿಯಬೇಕಾದ್ದು. ವ್ಯಾಕರಣದ ಸೂತ್ರಗಳನ್ನು ಮೊದಲು ಕೊಡದೆ, ಆದಿಕಾಂಡದ ಮೊದಲ ಅಧ್ಯಾಯವನ್ನೇ ಎದುರಿಗಿಟ್ಟು, ಅದರ ಒಂದೊಂದು ಪದದಿಂದ ವ್ಯಾಕರಣ ಬಿಡಿಸುತ್ತ ಹೋದರು. ಮುಂದೆ ಅವರು ಶಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದಾಗ ಪತ್ರಶಿಕ್ಷಣವನ್ನು ವಿಶ್ವವಿದ್ಯಾಲಯದ ಒಳಗೇ ತಂದು ಕೂರಿಸಿದರು.

ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಅದು 1969ರಲ್ಲಿ ಬಂತು. ಅದರ ಬುನಾದಿಯ ಮೇಲೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಎದ್ದಿತು. ಕೇಂದ್ರೀಯ ಹಿಂದಿ ನಿರ್ದೇಶನಾಲಯ 1960ರ ದಶಕದಿಂದಲೂ ಹಿಂದಿಯೇತರರಿಗೆ ಅಂಚೆಯಲ್ಲಿ ಹಿಂದಿ ಕಲಿಸುತ್ತ ಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಕೃತ ಭಾರತಿ ಪ್ರವೇಶ, ಪರಿಚಯ, ಶಿಕ್ಷಾ, ಕೋವಿದ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಅಂಚೆಯ ಮೂಲಕ ಸಂಸ್ಕೃತ ಕಲಿಸಿತು. ಗೃಹಿಣಿಯರು, ಬ್ಯಾಂಕಿನ ನೌಕರರು, ನಿವೃತ್ತರು ಮನೆಯಲ್ಲೇ ಕೂತು ಓದಿ ಪರೀಕ್ಷೆ ಬರೆದರು. ಮೈಸೂರಿನಲ್ಲಿ ಪಂಡಿತ ವರದರಾಜ ಅಯ್ಯಂಗಾರ್ಯರು 1970ರಲ್ಲಿ ಆರಂಭಿಸಿದ 'ಸುಧರ್ಮಾ' ಸಂಸ್ಕೃತ ದಿನಪತ್ರಿಕೆ ಬಹುತೇಕ ಓದುಗರನ್ನು ಮುಟ್ಟುತ್ತಿದ್ದುದು ಅಂಚೆಯಲ್ಲೇ. ಸುದ್ದಿ ಹಳತಾಗಿ ಬಂದರೂ ಓದುಗರು ಬಿಡಲಿಲ್ಲ. ಅವರಿಗೆ ಬೇಕಿದ್ದದ್ದು ದಿನವೂ ಒಂದಿಷ್ಟು ಭಾಷೆ.

ಇಷ್ಟೆಲ್ಲ ಕೇಳಿ ಅಂಚೆಯ ಕಾಲವೇ ಸುವರ್ಣಯುಗ ಎಂದುಕೊಳ್ಳಬೇಡ. ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದ ಜಾನ್ ನಾಫ್‌ಸಿಂಗರ್ 1926ರಲ್ಲಿ 75 ಅಂಚೆ ಶಾಲೆಗಳ ಸಮೀಕ್ಷೆ ಪ್ರಕಟಿಸಿದರು. ಸೇರಿದವರಲ್ಲಿ ಕೋರ್ಸು ಮುಗಿಸಿದವರು ಶೇ 2.6 ಮಾತ್ರ. ಈಗ ಇನ್ನೊಂದು ಲೆಕ್ಕ ನೋಡು. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ ಉಚಿತ ಆನ್‌ಲೈನ್ ಕೋರ್ಸುಗಳ ಅಂಕಿಅಂಶವನ್ನು 2019ರಲ್ಲಿ 'ಸೈನ್ಸ್' ಪತ್ರಿಕೆ ಪ್ರಕಟಿಸಿತು. 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ಶೇ 3.13. ನಡುವೆ ತೊಂಬತ್ತು ವರ್ಷ ಕಳೆದಿದೆ. ಅಂಚೆ ಪೇದೆಯ ಚೀಲದಿಂದ ಅಂಗೈಯಗಲದ ಫೋನಿಗೆ ಬಂದಿದ್ದೇವೆ. ನೂರರಲ್ಲಿ ದಡ ಮುಟ್ಟುವವರು ಆಗಲೂ ಮೂರು, ಈಗಲೂ ಮೂರು. ಹಣ ಕಟ್ಟಿ ಪ್ರಮಾಣಪತ್ರಕ್ಕೆ ಹೆಸರು ಕೊಟ್ಟವರಲ್ಲಿ ಮಾತ್ರ ಶೇ 46 ಜನ ಮುಗಿಸಿದ್ದರು ಎಂದು ಅದೇ ಲೆಕ್ಕ ಹೇಳುತ್ತದೆ.

ಇದರಿಂದ ನಾನು ತಿಳಿದದ್ದು ಇಷ್ಟು. ಪಾಠ ಸುಲಭವಾಗಿ ಕೈಗೆ ಸಿಕ್ಕಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ತಾನು ಬಿಟ್ಟರೆ ಕೇಳುವವರು ಒಬ್ಬರಾದರೂ ಇರಬೇಕು, ತಾನೂ ಏನನ್ನಾದರೂ ಕೊಟ್ಟು ಸೇರಿರಬೇಕು. ಆದ್ದರಿಂದ ನಿನ್ನ ತರಗತಿಗೆ ಸಣ್ಣದಾದರೂ ಶುಲ್ಕ ಇಡು. ಕೊಡಲಾರದವರಿಂದ ಹಣದ ಬದಲು ಕೆಲಸ ಕೇಳು: ಹೊಸಬರಿಗೆ ಅಕ್ಷರ ತೋರಿಸಿಕೊಡಲಿ, ಪದಪಟ್ಟಿ ಬರೆದುಕೊಡಲಿ. ಪುಕ್ಕಟೆ ಎಂದು ಸಾವಿರ ಜನರನ್ನು ಸೇರಿಸಿಕೊಂಡು ಸಂಖ್ಯೆ ನೋಡಿ ಹಿಗ್ಗಬೇಡ. ನೀನು ವಾರಕ್ಕೆ ಎಷ್ಟು ಹಾಳೆ ಮನಸ್ಸಿಟ್ಟು ತಿದ್ದಬಲ್ಲೆಯೋ ಅಷ್ಟೇ ಜನ ನಿನ್ನ ತರಗತಿಯಲ್ಲಿರಲಿ. ಉಳಿದವರು ಮುಂದಿನ ತಂಡಕ್ಕೆ ಕಾಯಲಿ.

ಇನ್ನು ತಿದ್ದುವ ವಿಷಯ. ಇದನ್ನು ನಿಧಾನವಾಗಿ ಓದು.

ಕನ್ನಡ ಕಲಿಯುವವರು ಮನಸ್ಸಿಗೆ ಬಂದಂತೆ ತಪ್ಪು ಮಾಡುವುದಿಲ್ಲ. ಅವರವರ ತಾಯಿನುಡಿ ಹೇಳಿಕೊಟ್ಟಂತೆ ತಪ್ಪು ಮಾಡುತ್ತಾರೆ. ತೆಲುಗಿನವರು "ಅವಳು ಬಂತು" ಎಂದು ಬರೆಯುತ್ತಾರೆ. ಕನ್ನಡದಲ್ಲಿ ಹೆಂಗಸಿಗೆ 'ಬಂದಳು', ಬಸ್ಸಿಗೆ 'ಬಂತು'. ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸಿಗೂ ಬಸ್ಸಿಗೂ ಒಂದೇ ಕ್ರಿಯಾರೂಪ. ಅವರು ಅಗೌರವ ತೋರಿಸಿದ್ದಲ್ಲ, ತಮ್ಮ ವ್ಯಾಕರಣ ಪಾಲಿಸಿದ್ದು. ಮಲಯಾಳಿಗಳು "ನಾನು ಬಂದ, ಅವಳು ಬಂದ" ಎಂದುಬಿಡುತ್ತಾರೆ. ಅವರ ಭಾಷೆಯಲ್ಲಿ ಯಾರು ಬಂದರೂ ಕ್ರಿಯಾಪದದ ಕೊನೆ ಬದಲಾಗುವುದಿಲ್ಲ. ಹಿಂದಿಯವರು "ಇದು ನನ್ನ ಮನೆ ಇದೆ", "ನಾನು ಡಾಕ್ಟರ್ ಇಲ್ಲ" ಎನ್ನುತ್ತಾರೆ. ಅಲ್ಲಿ ವಾಕ್ಯದ ಕೊನೆಗೊಂದು 'ಹೈ' ಬೇಕು. 'ಇಲ್ಲ'ಕ್ಕೂ 'ಅಲ್ಲ'ಕ್ಕೂ ಒಂದೇ 'ನಹೀಂ' ಸಾಕು. ತಮಿಳರ ಲಿಪಿಯಲ್ಲಿ ಕಕಾರ ಗಕಾರಕ್ಕೆ ಬೇರೆ ಬೇರೆ ಅಕ್ಷರವಿಲ್ಲ, ಹಾಗಾಗಿ ಅವರ ಕೈಯಲ್ಲಿ 'ಗಂಟೆ' 'ಕಂಟೆ'ಯಾಗುತ್ತದೆ. ಬಂಗಾಳಿಗಳ ಬಾಯಲ್ಲಿ 'ವಾರ' 'ಬಾರ'ವಾಗುತ್ತದೆ. ಇಂಗ್ಲಿಷ್ ವಾತಾವರಣದಲ್ಲಿ ಬೆಳೆದ ನಮ್ಮ ಮಕ್ಕಳು "ನಾನು ಇಷ್ಟಪಡುತ್ತೇನೆ ದೋಸೆ" ಎಂದು ಪದಗಳನ್ನು ಇಂಗ್ಲಿಷಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. "ನನಗೆ ದೋಸೆ ಇಷ್ಟ" ಎನ್ನುವಲ್ಲಿನ 'ನನಗೆ' ಅವರಿಗೆ ತಾನಾಗಿ ಹೊಳೆಯುವುದಿಲ್ಲ.

ನಾನು ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಅಂಚೆಯಲ್ಲಿ ಬಂದ ಹಾಳೆಗಳನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಕಲಿತೆ. ಮುಂದಿನ ಪಾಠ ಬರೆಯುವಾಗ ಯಾವ ತಪ್ಪು ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿರುತ್ತಿತ್ತು. ತೆಲುಗಿನವರಿಗೆ ಹೋಗುವ ಪಾಠದಲ್ಲಿ ಅಕ್ಕ, ಅಮ್ಮ, ಅತ್ತೆ ಬರುವ ವಾಕ್ಯಗಳನ್ನು ಹೆಚ್ಚು ಸೇರಿಸುತ್ತಿದ್ದೆ. ಹಿಂದಿಯವರಿಗೆ 'ಇಲ್ಲ' ಮತ್ತು 'ಅಲ್ಲ' ಎರಡನ್ನೂ ಒಂದೇ ದಿನ ಕೊಡದೆ ನಡುವೆ ಎರಡು ಪಾಠ ಬಿಟ್ಟು ಕೊಡುತ್ತಿದ್ದೆ. ತಿದ್ದುವ ಕೆಲಸ ಕಲಿಯುವವರಿಗೆ ಮಾಡುವ ಉಪಕಾರ ಎಂದು ಹಲವರು ತಿಳಿದಿದ್ದಾರೆ. ಕಲಿಸುವವರಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಇಲ್ಲ. ಒಮ್ಮೆ ವಿಡಿಯೊ ಮಾಡಿಟ್ಟು, ಅದನ್ನೇ ವರ್ಷಾನುಗಟ್ಟಲೆ ಓಡಿಸುವವರು ಈ ಶಾಲೆಗೆ ಕಾಲೇ ಇಡುವುದಿಲ್ಲ.

ತಿದ್ದುವಾಗ ಕೆಲವು ನಿಯಮಗಳನ್ನು ಇಟ್ಟುಕೋ. ಒಂದು ಹಾಳೆಯಲ್ಲಿ ಹತ್ತು ತಪ್ಪಿದ್ದರೂ ಎಲ್ಲವನ್ನೂ ಕೆಂಪು ಮಾಡಬೇಡ. ಆ ವಾರ ಕಲಿಸಿದ್ದಕ್ಕೆ ಸೇರಿದ ಎರಡು ತಪ್ಪನ್ನು ಆರಿಸು, ಅವನ್ನು ಬಿಡಿಸಿ ಹೇಳು. ಉಳಿದವನ್ನು ನಿನ್ನ ಪುಸ್ತಕದಲ್ಲಿ ಬರೆದಿಟ್ಟುಕೋ, ಅವುಗಳ ಸರದಿ ಬರುತ್ತದೆ. ಚೆನ್ನಾಗಿ ಬಂದ ಒಂದು ವಾಕ್ಯಕ್ಕೆ ಗೆರೆ ಎಳೆದು 'ಚೆನ್ನಾಗಿದೆ' ಎಂದು ಬರೆ. ಏಕೆ ಚೆನ್ನಾಗಿದೆ ಎಂದೂ ಹೇಳು. ಕೊನೆಗೆ ಅವರು ಬರೆದ ವಿಷಯದ ಬಗ್ಗೆ ಒಂದು ಪ್ರಶ್ನೆ ಕೇಳು, ಉತ್ತರಿಸಲೇಬೇಕು ಎನ್ನಿಸುವಂಥದ್ದು. ಮುಂದಿನ ಹಾಳೆ ಬರುವುದು ಆ ಪ್ರಶ್ನೆಯ ಹಿಂದೆ.

ಈಗ ಯಂತ್ರವೂ ತಿದ್ದುತ್ತದೆ ಎಂದು ನೀನು ಹೇಳುತ್ತೀಯ, ನಿಜ. ಕಾಗುಣಿತ ನೋಡಲು, ಹತ್ತಾರು ಅಭ್ಯಾಸದ ವಾಕ್ಯ ಕಟ್ಟಿಕೊಡಲು ಅದನ್ನು ಧಾರಾಳವಾಗಿ ಬಳಸು. ಆದರೆ ಬರೆದವರಿಗೆ ಕೊನೆಯ ಮಾತು ನಿನ್ನದೇ ಆಗಿರಲಿ. ಹೊಸದಾಗಿ ಕಲಿಯುತ್ತಿರುವ ಒಬ್ಬರು "ಊರಲ್ಲಿ ಅಪ್ಪನಿಗೆ ಹುಷಾರು ಇಲ್ಲ, ನಾನು ಹೋಗಬೇಕು ಇದೆ" ಎಂದು ಬರೆದಿದ್ದಾರೆ ಎಂದಿಟ್ಟುಕೋ. ಆ ಹಾಳೆಯ ಮೇಲೆ ಮೊದಲು "ಈಗ ಹೇಗಿದ್ದಾರೆ?" ಎಂದು ಕೇಳಬೇಕು. 'ಹೋಗಬೇಕು' ಎಂದರೆ ಸಾಕು, 'ಇದೆ' ಬೇಡ ಎನ್ನುವುದು ಆಮೇಲೆ. ತಾನು ಕನ್ನಡದಲ್ಲಿ ಹೇಳಿದ ಸಂಗತಿ ಒಬ್ಬ ಕನ್ನಡಿಗರನ್ನು ಮುಟ್ಟಿತು, ಅವರು ಕನ್ನಡದಲ್ಲೇ ಮರುಮಾತಾಡಿದರು ಎಂದು ತಿಳಿದ ದಿನ ಆ ವ್ಯಕ್ತಿಗೆ ಈ ಭಾಷೆ ತನ್ನದೂ ಹೌದು ಎನ್ನಿಸುತ್ತದೆ.

ಅಂಚೆಯಿಂದ ಆಗದೇ ಹೋದದ್ದನ್ನೂ ಹೇಳಬೇಕು. ಮೊದಲನೆಯದು ಧ್ವನಿ. ನಾವು 'ಳ' ಉಚ್ಚರಿಸುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಬೇಕು ಎಂದು ಕಾಗದದಲ್ಲಿ ಬರೆದು ತಿಳಿಸುತ್ತಿದ್ದೆವು, ಚಿತ್ರ ಬಿಡಿಸಿ ಕಳಿಸುತ್ತಿದ್ದೆವು. ಅವರು ಅತ್ತ ಏನು ಉಚ್ಚರಿಸಿದರೋ ನಮಗೆ ತಿಳಿಯುತ್ತಿರಲಿಲ್ಲ. ಎಷ್ಟೋ ಜನ ತಪ್ಪಿಲ್ಲದೆ ಬರೆಯುತ್ತಿದ್ದರು, ಬೀದಿಯಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದರು. ಈ ಕೊರತೆ ನೀಗಲು ಅಮೆರಿಕದ ಸ್ಕ್ರಾಂಟನ್ ನಗರದ ಒಂದು ಹೆಸರಾಂತ ಅಂಚೆ ಶಾಲೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಎಡಿಸನ್ನರ ಫೋನೋಗ್ರಾಫ್ ಬಳಸಿತ್ತು. ಮೇಣದ ಸಿಲಿಂಡರುಗಳಲ್ಲಿ ಪಾಠ ಹೋಗುತ್ತಿತ್ತು. ಕಲಿಯುವವರು ಖಾಲಿ ಸಿಲಿಂಡರಿನಲ್ಲಿ ತಮ್ಮ ಉಚ್ಚಾರಣೆ ಮುದ್ರಿಸಿ ತಿದ್ದುಪಡಿಗೆ ಶಾಲೆಗೆ ಕಳಿಸಬಹುದಿತ್ತು. ಲಂಡನ್ನಿನಲ್ಲಿ 1901ರಲ್ಲಿ ಶುರುವಾದ ಲಿಂಗ್ವಾಫೋನ್ ಕೂಡ ಇದೇ ದಾರಿ ಹಿಡಿಯಿತು. ಅಷ್ಟು ಖರ್ಚು, ಅಷ್ಟು ಪಾಡು ಪಟ್ಟು ಅವರು ಸಾಧಿಸಿದ್ದು ನಿನಗೆ ವಾಟ್ಸ್ಆ್ಯಪ್‌ನ ಒಂದು ಗುಂಡಿಯಲ್ಲಿ ಸಿಕ್ಕಿದೆ. ವಾರಕ್ಕೊಮ್ಮೆ ಪ್ರತಿಯೊಬ್ಬರಿಂದ ಒಂದು ನಿಮಿಷದ ಧ್ವನಿಮುದ್ರಿಕೆ ತರಿಸಿಕೋ. ಕೇಳಿ, ನಿನ್ನ ಧ್ವನಿಯಲ್ಲೇ ಉತ್ತರ ಕಳಿಸು. ಎಲ್ಲರೂ ಒಟ್ಟಿಗೆ ಸೇರುವ ಒಂದು ಗಂಟೆಯನ್ನು ನೀನೇ ಮಾತಾಡಿ ಕಳೆಯಬೇಡ. ವಿವರಣೆಯನ್ನು ಮೊದಲೇ ಬರೆದೋ ಮುದ್ರಿಸಿಯೋ ಕಳಿಸಿಬಿಡು. ಆ ಗಂಟೆ ಅವರ ಬಾಯಿಗೆ ಮೀಸಲು.

ಎರಡನೆಯದು ತಡ. ತಿದ್ದಿದ ಹಾಳೆ ಮರಳುವ ಹೊತ್ತಿಗೆ ಎಷ್ಟೋ ಸಲ ಬರೆದವರಿಗೆ ತಾವೇನು ಬರೆದಿದ್ದೆವು ಎಂಬುದೇ ಮರೆತಿರುತ್ತಿತ್ತು. ಮೂರನೆಯದು ಒಂಟಿತನ. ಬೀದರಿನಲ್ಲಿ ಒಬ್ಬರು, ನಾಗಪುರದಲ್ಲಿ ಒಬ್ಬರು, ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಖರ್ಚಿನ ಮಾತೂ ಇದೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಪಾಠದ ಕಟ್ಟುಗಳನ್ನು ಊರೂರಿಗೆ ಕಳಿಸುವುದು ಸಣ್ಣ ಸಂಸ್ಥೆಗಳಿಗೆ ಹೊರೆಯೇ. ಇವೆಲ್ಲವನ್ನೂ ಆನ್‌ಲೈನ್ ನಿವಾರಿಸಿದೆ. ನನಗೆ ಅದರಲ್ಲಿ ಸಂತೋಷವೇ.

ಆದರೆ ಅಂಚೆಯ ತಡದಲ್ಲಿ ಒಂದು ಗುಣವೂ ಇತ್ತು, ಅದನ್ನು ನೀನು ಉಳಿಸಿಕೊಳ್ಳಬೇಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಬಹುಪಾಲು ಬಲುಬೇಗ ಜಾರಿಹೋಗುತ್ತದೆ. ಒಂದೇ ಸಲ ಉರು ಹೊಡೆಯುವುದಕ್ಕಿಂತ ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ನಿಲ್ಲುತ್ತದೆ. ಆಮೇಲೆ ಬಂದ ಸಂಶೋಧಕರೂ ಇದನ್ನೇ ಕಂಡಿದ್ದಾರೆ. ಅಂಚೆಯಲ್ಲಿ ಆ ಅಂತರ ತಾನಾಗಿ ಸಿಗುತ್ತಿತ್ತು. ಹಾಳೆ ಕಳಿಸುವುದು, ಕಾಯುವುದು, ಬಂದ ಮೇಲೆ ಹಳೆಯ ಪಾಠ ತೆರೆದು ನೋಡುವುದು, ತಪ್ಪಿದ್ದನ್ನು ಮತ್ತೆ ಬರೆಯುವುದು. ಆನ್‌ಲೈನ್‌ನಲ್ಲಿ ಒಂದೇ ರಾತ್ರಿ ಹತ್ತು ಪಾಠ ನೋಡಿ ಮುಗಿಸಿ, ಮಾರನೆಯ ವಾರ ಒಂದೂ ನೆನಪಿಲ್ಲದೆ ಕೂರುವವರಿದ್ದಾರೆ. ಆ್ಯಪ್‌ಗಳಲ್ಲಿ ದಿನ ತಪ್ಪದೆ ಬಂದ ಲೆಕ್ಕ ಏರುತ್ತಿರುತ್ತದೆ. ಆ ಲೆಕ್ಕ ಕಾಯುವುದರಲ್ಲೇ ಮೈಮರೆತು, ಒಬ್ಬ ಮನುಷ್ಯನ ಜೊತೆಗೂ ಮಾತಾಡದವರನ್ನೂ ಕಂಡಿದ್ದೇನೆ.

ಹಾಗಾಗಿ ನಿನ್ನ ವಾರವನ್ನು ಹೀಗೆ ಹಂಚಿಕೋ. ಶನಿವಾರ ಎಲ್ಲರೂ ಸೇರಿ ಮಾತು. ಮಂಗಳವಾರದೊಳಗೆ ಒಬ್ಬೊಬ್ಬರಿಂದ ಅರ್ಧ ಪುಟ ಬರಹ. ಗುರುವಾರ ಅಥವಾ ಶುಕ್ರವಾರ ತಿದ್ದುಪಡಿ ಅವರ ಕೈ ಸೇರಲಿ, ಅದಕ್ಕೂ ತಡವಾಗದಿರಲಿ. ಮುಂದಿನ ಶನಿವಾರದ ಮಾತನ್ನು ಆ ತಿದ್ದುಪಡಿಗಳಿಂದಲೇ ಶುರುಮಾಡು. ಮೂರು ವಾರದ ಹಿಂದಿನ ಎರಡು ವಾಕ್ಯವನ್ನು ಯಾವ ಮುನ್ಸೂಚನೆಯೂ ಇಲ್ಲದೆ ಕೇಳು. ನೆನಪಿಸಿಕೊಳ್ಳಲು ಪಡುವ ಆ ಕಷ್ಟವೇ ಅವರಿಗೆ ಲಾಭ.

ಬರಹ ಎಂದಾಗ ಕೈಬರಹ ಎಂದೇ ತಿಳಿ. ನಿನಗೆ ಇದು ಹಳೆಯ ಕಾಲದವರ ಹಟ ಅನ್ನಿಸಬಹುದು, ಕಾರಣ ಹೇಳುತ್ತೇನೆ. ಫೋನಿನಲ್ಲಿ ಎಲ್ಲರೂ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತಾರೆ. ಎರಡು ಅಕ್ಷರ ಒತ್ತುವಷ್ಟರಲ್ಲಿ ಫೋನೇ ಪದ ಹೇಳಿಕೊಡುತ್ತದೆ. 'ನ'ವೋ 'ಣ'ವೋ, ದೀರ್ಘವೋ ಹ್ರಸ್ವವೋ, ಒತ್ತು ಎಲ್ಲಿ, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಕಲಿಯುವವರಿಗೆ ಉಳಿಯುವುದು ಆಯ್ಕೆ ಮಾತ್ರ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಓದಿಸುವ ಪದ್ಧತಿಯೂ ಇದೆ. ಮೊದಲ ವಾರಗಳಿಗೆ ಅದು ಆಸರೆ, ಅಲ್ಲೇ ನಿಂತರೆ ಅಡ್ಡಗೋಡೆ. ಬೆಲೆ, ಬೆಳೆ, ಬೇಳೆ ಈ ಮೂರನ್ನೂ ಅವರು ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆದುಕೊಳ್ಳುತ್ತಾರೆ. ದಿನಸಿ ಅಂಗಡಿಗೆ ಹೋಗಿ ಬೇಳೆಯ ಬೆಲೆ ಕೇಳಬೇಕಾದಾಗ ಅವರ ಟಿಪ್ಪಣಿ ಕೆಲಸಕ್ಕೆ ಬರುವುದಿಲ್ಲ. ಹಾಳೆಯ ಮೇಲೆ ಕೈಯಾರೆ ಬರೆದು, ಫೋಟೊ ತೆಗೆದು ಕಳಿಸಲಿ. ಆ ಫೋಟೊದಲ್ಲಿ ಕೈ ಎಲ್ಲಿ ತಡೆಯಿತು, ಯಾವ ಅಕ್ಷರವನ್ನು ಎರಡು ಸಲ ಹೊಡೆದು ಬರೆದರು ಎನ್ನುವುದು ನಿನಗೆ ಕಾಣುತ್ತದೆ. ಟೈಪು ಮಾಡಿದ ಸಾಲಿನಲ್ಲಿ ಅದು ಅಳಿಸಿಹೋಗಿರುತ್ತದೆ.

ಲಿಪಿಗೆ ಹೆದರುವವರಿಗೆ ಅಕ್ಷರಮಾಲೆಯನ್ನು ಅ ದಿಂದ ಳ ವರೆಗೆ ಒಟ್ಟಿಗೆ ಹೊರಿಸಬೇಡ. ಬೆಂಗಳೂರಿನಲ್ಲಿರುವವರಿಗೆ ಬಸ್ಸಿನ ಬೋರ್ಡುಗಳೇ ಸಾಕು. ಮೆಜೆಸ್ಟಿಕ್, ಜಯನಗರ, ಹೆಬ್ಬಾಳ, ಬನಶಂಕರಿ. ಹೆಸರು ಮೊದಲೇ ಗೊತ್ತಿರುವುದರಿಂದ ಅಕ್ಷರ ತಾನಾಗಿ ಬಾಯಿಗೆ ಬರುತ್ತದೆ. ಗೊತ್ತಿರುವ ಪಠ್ಯದಿಂದ ಗೊತ್ತಿಲ್ಲದ್ದನ್ನು ಬಿಡಿಸುವುದು ಹಾರ್ಪರ್ ಅವರು ಹೀಬ್ರೂಗೆ ಹಿಡಿದ ದಾರಿ, ನಮ್ಮ ಬಸ್ ನಿಲ್ದಾಣಕ್ಕೂ ಸಲ್ಲುತ್ತದೆ.

ಕೊನೆಯದಾಗಿ ಅತಿ ಮುಖ್ಯವಾದದ್ದು. ಅಂಚೆಯ ಪಾಠ ಇರಲಿ, ಪರದೆಯ ಪಾಠ ಇರಲಿ, ಎರಡಕ್ಕೂ ಒಂದೇ ಅಪಾಯ: ಕಲಿಕೆ ಮನೆಯೊಳಗೇ ಉಳಿದುಬಿಡುವುದು. ಬೆಂಗಳೂರಿನಲ್ಲಿ ಹೊರಗಿನವರು ತಡವರಿಸುತ್ತ ಕನ್ನಡ ಶುರುಮಾಡಿದರೆ ನಮ್ಮವರೇ ಹಿಂದಿಗೋ ಇಂಗ್ಲಿಷಿಗೋ ಹಾರಿ ಅವರಿಗೆ ಸಹಾಯ ಮಾಡಿದೆವೆಂದು ತಿಳಿಯುತ್ತೇವೆ. ಅದಕ್ಕೇ ಮೊದಲ ತರಗತಿಯಲ್ಲೇ ಈ ವಾಕ್ಯ ಕಲಿಸು: "ಕನ್ನಡ ಕಲೀತಾ ಇದೀನಿ, ದಯವಿಟ್ಟು ಕನ್ನಡದಲ್ಲೇ ಹೇಳಿ." ಆಡುಮಾತಿನಲ್ಲೇ ಕಲಿಸು, ಪುಸ್ತಕದ ಕನ್ನಡ ಆಮೇಲೆ ಬರಲಿ. ಪ್ರತಿ ವಾರದ ಮನೆಗೆಲಸದಲ್ಲಿ ಒಂದು ಬೀದಿಯ ಕೆಲಸ ಇರಲಿ: ಸೊಪ್ಪಿನ ಗಾಡಿಯವರ ಹತ್ತಿರ ದಂಟಿನ ಸೊಪ್ಪು ಕೊಳ್ಳುವುದು, ಆಟೋದವರಿಗೆ ದಾರಿ ಹೇಳುವುದು, ಕಾವಲಿನವರ ಊರು ಯಾವುದೆಂದು ಕೇಳುವುದು. ಮಂಗಳವಾರದ ಅರ್ಧ ಪುಟ ಅದರ ಬಗ್ಗೆಯೇ ಆಗಲಿ. ಅಲ್ಲಿ ಮಾತು ನಿಂತುಹೋದದ್ದು ಎಲ್ಲಿ, ಯಾವ ಪದ ಬೇಕಿತ್ತು ಎಂದು ಅವರು ಬರೆದರೆ ಮುಂದಿನ ಪಾಠವನ್ನು ನೀನು ಹುಡುಕಬೇಕಾಗಿಲ್ಲ.

ಹೊರದೇಶದ ಮಕ್ಕಳಿಗೆ ಬೀದಿ ಇಲ್ಲ. ಅವರಿಗೆ ಅಜ್ಜ ಅಜ್ಜಿ ಇದ್ದಾರೆ. ಅವರೊಂದಿಗೆ ಮಕ್ಕಳ ಕನ್ನಡ ಪರದೆಯ ಮೇಲೆ "ಊಟ ಆ‌ಯ್ತಾ", "ಹೂಂ" ಎನ್ನುವಲ್ಲಿಗೆ ಮುಗಿಯುತ್ತಿರುತ್ತದೆ. ತಿಂಗಳಿಗೊಮ್ಮೆ ಆ ಮಕ್ಕಳಿಂದ ಹಾವೇರಿಗೋ ಪುತ್ತೂರಿಗೋ ಒಂದು ನಿಜವಾದ ಕಾಗದ ಬರೆಸು. ಲಕೋಟೆಯ ಮೇಲೆ ಊರು, ತಾಲ್ಲೂಕು, ಜಿಲ್ಲೆ ತಾವೇ ಬರೆಯಲಿ. ಅಜ್ಜಿ ಬರೆದ ಉತ್ತರ ಅವರಿಗೆ ನೀನು ಕೊಡುವ ಯಾವ ಪಠ್ಯಕ್ಕಿಂತಲೂ ದೊಡ್ಡ ಪಠ್ಯ. ಅದರಲ್ಲಿ ಹಪ್ಪಳ ಒಣಗಿಸಿದ ಸುದ್ದಿ ಇರುತ್ತದೆ, ಮಳೆ ತಡವಾದ ಚಿಂತೆ ಇರುತ್ತದೆ, ಆ ಜಿಲ್ಲೆಯದೇ ಮಾತು ಇರುತ್ತದೆ. ಅಜ್ಜಿಗೆ ಬರೆಯಲು ಬಾರದಿದ್ದರೆ ಹೇಳಿ ಬರೆಸಲಿ. ದೇಶದೊಳಗಿರುವ ದೊಡ್ಡವರಿಗೂ ಇದನ್ನೇ ಹೇಳು. ನಿನ್ನ ತರಗತಿಯ ಇಬ್ಬರು ಒಬ್ಬರಿಗೊಬ್ಬರು ಅಂಚೆ ಕಾರ್ಡು ಬರೆಯಲಿ. ಕಾರ್ಡಿಗೆ ಹೆಚ್ಚು ಖರ್ಚಾಗುವುದಿಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ಹೇಳಬೇಕಾದ್ದನ್ನು ಅಡಕವಾಗಿ ಹೇಳುವ ಅಭ್ಯಾಸ ಬೇರೆಲ್ಲೂ ಸಿಗುವುದಿಲ್ಲ. ಅಂಚೆ ಇನ್ನೂ ಓಡುತ್ತಿದೆ, ಆನ್‌ಲೈನ್ ತರಗತಿಯವರು ಅದನ್ನು ಬಳಸಬಾರದೆಂದು ಯಾರೂ ಹೇಳಿಲ್ಲ.

ಮೂವತ್ತು ದಿನಗಳಲ್ಲಿ ಕನ್ನಡ ಎಂದು ಜಾಹೀರಾತು ಕೊಡಬೇಡ. ಮೂವತ್ತು ದಿನದಲ್ಲಿ ಧೈರ್ಯ ಬರುತ್ತದೆ, ಭಾಷೆಗೆ ವರ್ಷಗಳು ಬೇಕು. ಸೇರುವಾಗಲೇ ಅದನ್ನು ಹೇಳಿಬಿಡು. ಕೇಳಿಯೂ ಸೇರುವವರು ಉಳಿಯುತ್ತಾರೆ. ನಡುವೆ ಒಬ್ಬರು ಎರಡು ವಾರ ಹಾಳೆ ಕಳಿಸದಿದ್ದರೆ ನೀನಾಗಿ ಫೋನ್ ಮಾಡು, ಗದರಿಸಲು ಅಲ್ಲ, ವಿಚಾರಿಸಲು. ನೂರರಲ್ಲಿ ಮೂರು ಎಂಬ ಆ ಲೆಕ್ಕವನ್ನು ಬದಲಿಸುವ ದಾರಿ ನನಗೆ ಗೊತ್ತಿರುವಷ್ಟರಲ್ಲಿ ಇದೊಂದೇ.

ಮೊದಲ ತಂಡಕ್ಕೆ ಹತ್ತು ಹನ್ನೆರಡು ಜನ ಸಾಕು. ಮೊದಲ ಹಾಳೆಗಳು ಬಂದ ಮೇಲೆ ಅವುಗಳ ಪ್ರತಿ ನನಗೂ ಕಳಿಸು. ನನ್ನ ಕಣ್ಣು ಇನ್ನೂ ಚೆನ್ನಾಗಿದೆ, ಬಿಡುವೂ ಇದೆ. ವಾರಕ್ಕೆ ಐದಾರು ಹಾಳೆ ನಾನು ತಿದ್ದಿಕೊಡುತ್ತೇನೆ. ನಿನಗೆ ಗೊತ್ತಿರುವ ನಿವೃತ್ತ ಮೇಷ್ಟ್ರುಗಳನ್ನೂ ಹೀಗೆಯೇ ಕೇಳು. ಊರಿಗೊಬ್ಬರಂತೆ ಎಷ್ಟೋ ಜನ ಇದ್ದಾರೆ, ಕರೆಯುವವರಿಗೆ ಕಾಯುತ್ತಿದ್ದಾರೆ. ಅವರ ಕೈಗೆ ಕೆಲಸ ಸಿಗಲಿ, ನಿನ್ನ ವಿದ್ಯಾರ್ಥಿಗಳ ಬರಹ ಓದುವವರು ಸಿಗಲಿ.

ಒಳ್ಳೆಯದಾಗಲಿ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ